ಮೂರು ಮನೆ, ಒಂದೇ ಸಂಸಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ 'ಮಾಡರ್ನ್ ಫ್ಯಾಮಿಲಿ' ಎಂಬ ಹಾಸ್ಯ ಧಾರಾವಾಹಿಯ ಬಗ್ಗೆ. ಎಬಿಸಿ ವಾಹಿನಿಯಲ್ಲಿ 2009ರ ಸೆಪ್ಟೆಂಬರ್‌ನಿಂದ 2020ರ ಏಪ್ರಿಲ್‌ವರೆಗೆ 11 ಸೀಸನ್, 250 ಕಂತು ಓಡಿದ ಧಾರಾವಾಹಿ ಇದು. ನೋಡದವರಿಗಾಗಿ ಸಂಸಾರದ ಪರಿಚಯ: ಯಜಮಾನ ಜೇ ಪ್ರಿಚೆಟ್, ಅವನಿಗಿಂತ ತುಂಬಾ ಚಿಕ್ಕವಳಾದ ಎರಡನೇ ಹೆಂಡತಿ, ಕೊಲಂಬಿಯಾದ ಗ್ಲೋರಿಯಾ, ಅವಳ ಮೊದಲ ಮದುವೆಯ ಮಗ ಮ್ಯಾನಿ. ಇನ್ನೊಂದು ಮನೆಯಲ್ಲಿ ಜೇಯ ಮಗಳು ಕ್ಲೇರ್, ಅಳಿಯ ಫಿಲ್, ಅವರ ಮೂರು ಮಕ್ಕಳು. ಮೂರನೆಯದರಲ್ಲಿ ಮಗ ಮಿಚೆಲ್, ಅವನ ಸಂಗಾತಿ ಕ್ಯಾಮರೂನ್, ವಿಯೆಟ್ನಾಮಿನಿಂದ ದತ್ತು ತಂದ ಕೂಸು ಲಿಲ್ಲಿ.

ನಮ್ಮದು ಹನ್ನೊಂದು ಜನರ ಮನೆ. ಆ ಸಂಸಾರದ ರೀತಿಗೂ ನಮಗೂ ಸಂಬಂಧವೇ ಇಲ್ಲ. ಆದರೂ ಅತ್ತೆಯಿಂದ ಹಿಡಿದು ಎಲ್ಲರೂ ನಗ್ತೀವಿ. ಯಾಕೆ? (ಗೃಹಿಣಿ, ವಿದ್ಯಾನಗರ, ದಾವಣಗೆರೆ)

ನಗು ಹುಟ್ಟುವುದು ಆ ಸಂಸಾರದ ವಿಚಿತ್ರದಿಂದಲ್ಲ, ಅದಕ್ಕೇ. ಎರಡನೇ ಮದುವೆ, ದತ್ತು ಮಗು, ಗಂಡಸರಿಬ್ಬರ ದಾಂಪತ್ಯ, ಇವೆಲ್ಲ ಬರೀ ಚೌಕಟ್ಟು. ಒಳಗಿನ ಯಂತ್ರ ಹಳೆಯದೇ: ಎಲ್ಲರಿಗೂ ಜೇಯ ಬಾಯಿಂದ ಒಂದು 'ಭೇಷ್' ಬೇಕು, ಜೇ ಅದನ್ನು ಸುಲಭಕ್ಕೆ ಬಿಚ್ಚುವ ಆಸಾಮಿಯಲ್ಲ. ಅಳಿಯ ಫಿಲ್ ಮಾವನ ಮುಂದೆ ಪಡುವ ಪಾಡನ್ನು ಅರ್ಥ ಮಾಡಿಕೊಳ್ಳಲು ಅಮೆರಿಕ ನೋಡಿರಬೇಕಿಲ್ಲ. ಹಬ್ಬಕ್ಕೆ ಅತ್ತೆ ಮನೆಗೆ ಹೋಗಿ, ಮಾವ ಪೇಪರ್ ಕೆಳಗಿಳಿಸಲಿ ಎಂದು ಕಾದು ಕೂತ ಯಾವ ಅಳಿಯನನ್ನಾದರೂ ಕೇಳಿ.

ಮೊದಲ ಕಂತನ್ನು ಕಟ್ಟಿದ ರೀತಿ ನೋಡಿ. ಮೂರು ಮನೆಗಳನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತಾರೆ. ಇವರೆಲ್ಲ ಒಂದೇ ರಕ್ತದವರೆಂದು ಗೊತ್ತಾಗುವುದು ಕೊನೆಗೆ, ಎಲ್ಲರೂ ಮಿಚೆಲ್ ಮನೆಯಲ್ಲಿ ಸೇರಿದಾಗ. ಅಷ್ಟರಲ್ಲಿ ಪ್ರತಿ ಮನೆಯ ಮೇಲೂ ನಿಮಗೆ ಸ್ವಲ್ಪ ಮಮತೆ ಹುಟ್ಟಿಬಿಟ್ಟಿರುತ್ತದೆ. ಮೊದಲೇ 'ಇವಳು ಎರಡನೇ ಹೆಂಡತಿ, ಇವನು ಇಂಥ ಮಗ' ಎಂದು ಚೀಟಿ ಅಂಟಿಸಿದ್ದರೆ ಅರ್ಧ ನೋಡುಗರು ಅಲ್ಲೇ ಏಳುತ್ತಿದ್ದರು.

ಅದೇ ಕಂತಿನಲ್ಲಿ ಮಿಚೆಲ್ ಒಂದು ಮಾತು ಹೇಳುತ್ತಾನೆ: ತಾವಿಬ್ಬರೂ ಇರುವ ಕೋಣೆಗೆ ಅಪ್ಪ ಬರುವಾಗ, ನೋಡಬಾರದ್ದು ಕಣ್ಣಿಗೆ ಬೀಳದಿರಲಿ ಎಂದು ದೂರದಿಂದಲೇ ಸದ್ದು ಮಾಡಿಕೊಂಡು ಬರುತ್ತಾನಂತೆ. ಜೇಯ ಮುಜುಗರ ಈ ಒಂದು ಅಭ್ಯಾಸದಲ್ಲೇ ಮುಗಿಯಿತು, ಭಾಷಣವಿಲ್ಲ. ಐದನೇ ಸೀಸನ್ ಕೊನೆಗೆ, 2014ರಲ್ಲಿ, ಮಗನ ಮದುವೆಯ ದಿನ ಅವನ ಪಕ್ಕದಲ್ಲಿ ನಡೆದು ಬರುವುದೂ ಇದೇ ಜೇ. ನಡುವಿನ ನೂರಕ್ಕೂ ಹೆಚ್ಚು ಕಂತುಗಳಲ್ಲಿ ಆ ಮನುಷ್ಯ ಇಂಚಿಂಚು ಜರುಗುತ್ತಾನೆ, ಒಂದೊಂದು ಸಲ ಹಿಂದಕ್ಕೂ ಜರುಗುತ್ತಾನೆ. ಮನೆಯ ಹಿರಿಯರು ಬದಲಾಗುವುದೂ ಹಾಗೇ ಅಲ್ಲವೇ? ನಿಮ್ಮ ಅತ್ತೆಯವರಿಗೆ ಇಷ್ಟವಾಗುತ್ತಿರುವುದು ಬಹುಶಃ ಅದೇ.

ಪಾತ್ರಗಳು ಸೋಫಾದಲ್ಲಿ ಕೂತು ಯಾರ ಜೊತೆ ಮಾತಾಡ್ತವೆ? ನಗುವಿನ ಸದ್ದೂ ಇಲ್ಲ. (ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಸಾಕ್ಷ್ಯಚಿತ್ರದವರು ಬಂದು ಮನೆಯವರ ಸಂದರ್ಶನ ಮಾಡುತ್ತಿದ್ದಾರೆ ಎಂಬ ನಟನೆ ಅದು. ಪ್ರಶ್ನೆ ಕೇಳುವವರು ಯಾರೂ ಕಾಣುವುದಿಲ್ಲ, ಆ ಕುರ್ಚಿಯಲ್ಲಿ ನೀವೇ ಕೂತಿದ್ದೀರಿ. ಈ ಉಪಾಯ ನಮ್ಮ ಕಡೆಯವರಿಗೆ ಹೊಸದಲ್ಲ. ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಕಂಪನಿಗಳ ನಾಟಕ ಕಂಡ ದಾವಣಗೆರೆಯವರಿಗೆ, ಹಾಸ್ಯಪಾತ್ರ ನಡುವೆ ಪ್ರೇಕ್ಷಕರತ್ತ ತಿರುಗಿ ಗುಟ್ಟು ಹೇಳುವುದು ಗೊತ್ತೇ ಇದೆ. ವ್ಯತ್ಯಾಸ ಒಂದಿದೆ, ಅದು ದೊಡ್ಡದು. ಕಂಪನಿ ನಾಟಕದ ಹಾಸ್ಯಗಾರ ನಮ್ಮ ಕಡೆ ತಿರುಗಿ ನಿಜ ಹೇಳುತ್ತಾನೆ, ಈ ಸೋಫಾದ ಮೇಲೆ ಕೂತವರು ತಮ್ಮ ಬಗ್ಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಮುಂದಿನ ದೃಶ್ಯ ಆ ಸುಳ್ಳನ್ನು ಬಯಲು ಮಾಡುತ್ತದೆ.

ನಗುವಿನ ಸದ್ದು ಹಾಕಿದರೆ ಪ್ರತಿ ಜೋಕಿನ ನಂತರ ನಟರು ಒಂದೆರಡು ಸೆಕೆಂಡ್ ಬಾಯಿ ಮುಚ್ಚಿ ನಿಲ್ಲಬೇಕು. ಜಾಹೀರಾತು ಬಿಟ್ಟರೆ ಕಂತಿಗೆ ಸಿಗುವುದು 21-22 ನಿಮಿಷ. ಆ ನಿಲುಗಡೆ ತೆಗೆದದ್ದರಿಂದಲೇ ಇಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ನಿಜವಾದ ಮನೆಯ ಹಾಗೆ. 'ಇಲ್ಲಿ ನಗಿ' ಎಂದು ಹೇಳುವ ಕೆಲಸವನ್ನು ಪಾತ್ರ ಕ್ಯಾಮೆರಾ ಕಡೆ ಎಸೆಯುವ ಒಂದು ನೋಟ ಮಾಡುತ್ತದೆ.

ಎಲ್ಲಿಂದ ಶುರು ಮಾಡಲಿ? ಮಕ್ಕಳ ಜೊತೆ ನೋಡಬಹುದಾ? (ಹರಿಹರ)

ಮೊದಲ ಸೀಸನ್, ಮೊದಲ ಕಂತು, ಸಾಲಾಗಿ. ಹೈಸ್ಕೂಲು ಮಕ್ಕಳ ಜೊತೆ ನೋಡಬಹುದು. ಅದಕ್ಕಿಂತ ಚಿಕ್ಕವರಿಗೆ ಬೇಡ, ದ್ವಂದ್ವಾರ್ಥದ ಮಾತು ಸಾಕಷ್ಟಿವೆ.

ನಮ್ಮ ಮಹಿಳಾ ಸಂಘದಿಂದ ಗಣೇಶೋತ್ಸವಕ್ಕೆ ಇದೇ ಧಾಟಿಯ 20 ನಿಮಿಷದ ಕಿರುನಾಟಕ ಮಾಡಬೇಕಂತಿದೀವಿ. ಬರೆಯೋದು ಹೇಗೆ? (ಹೊಸದುರ್ಗ)

ಪಾತ್ರ ಎಂಟಕ್ಕಿಂತ ಹೆಚ್ಚು ಬೇಡ. ಪ್ರತಿ ಪಾತ್ರಕ್ಕೂ ಎರಡು ಸಾಲು ಬರೆದಿಟ್ಟುಕೊಳ್ಳಿ: ಇವರಿಗೆ ಏನು ಬೇಕು, ಅದನ್ನು ಯಾರ ಮುಂದೆ ಬಾಯಿಬಿಟ್ಟು ಕೇಳಲಾಗುವುದಿಲ್ಲ. ಎರಡನೇ ಸಾಲು ಬರೆಯಲಾಗದ ಪಾತ್ರವನ್ನು ಕೈಬಿಡಿ, ಅದು ವೇದಿಕೆ ಮೇಲೆ ಸುಮ್ಮನೆ ನಿಂತಿರುತ್ತದೆ.

ಮಾದರಿಗೊಂದು ಕಥೆ. ದಾವಣಗೆರೆಯ ಕಾಟನ್ ಮಿಲ್ಲಿನಿಂದ ನಿವೃತ್ತನಾದ ತಾತ, ವಯಸ್ಸಾದ ಮೇಲೆ ಹಿರಿಯೂರಿನ ವಿಧವೆಯೊಬ್ಬರನ್ನು ಮದುವೆಯಾಗಿದ್ದಾನೆ. ಮಹಡಿ ಮೇಲೆ ಮಗಳು-ಅಳಿಯ, ಪಕ್ಕದ ಬೀದಿಯಲ್ಲಿ ದತ್ತು ಮಗುವಿರುವ ಮಗ-ಸೊಸೆ. ತಾತನ ಹುಟ್ಟುಹಬ್ಬ. ಮೂರೂ ಮನೆಯವರು ಗುಟ್ಟಾಗಿ ತಲಾ 24 ಬೆಣ್ಣೆ ದೋಸೆ ಆರ್ಡರ್ ಮಾಡಿದ್ದಾರೆ. ತಾತನ ನೆನಪು ಹೊಸಬಳಿಗಿಂತ ತನಗೇ ಹೆಚ್ಚು ಎಂದು ತೋರಿಸಬೇಕು ಮಗಳಿಗೆ. ಹೊಸ ಅಜ್ಜಿಗೆ ಈ ಮನೆಯವಳು ಅನ್ನಿಸಿಕೊಳ್ಳುವ ಆಸೆ. ಮಗನಿಗೆ, ಒಂದು ಸಲವಾದರೂ ಅಕ್ಕನಿಗಿಂತ ಮುಂದೆ ಹೋಗಬೇಕು. ಅತ್ತ ತಾತ ಅವತ್ತೇ ಬೆಳಿಗ್ಗೆ ಡಾಕ್ಟರಿಗೆ, 'ಇನ್ನು ಬೆಣ್ಣೆ ಮುಟ್ಟಲ್ಲ' ಎಂದು ಮಾತು ಕೊಟ್ಟು ಬಂದಿದ್ದಾನೆ. ಕೊನೆಗೆ 72 ದೋಸೆ ಒಂದೇ ಪಡಸಾಲೆಯಲ್ಲಿ. ಇಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಹೊಸ ಅಜ್ಜಿಯನ್ನು ಖಳನಾಯಕಿ ಮಾಡಿದ ಕ್ಷಣ ಇದು ಸಂಜೆ ಧಾರಾವಾಹಿ ಆಗಿಬಿಡುತ್ತದೆ.

ಕಾಲದ ಲೆಕ್ಕ: ಒಂದೊಂದು ಮನೆಯ ಕಥೆ ಒಂದೊಂದು ಎಳೆ. ಪರಿಚಯಕ್ಕೆ 3 ನಿಮಿಷ, ಮುಖ್ಯ ಎಳೆಗೆ 7, ಎರಡನೆಯದಕ್ಕೆ 5, ಮೂರನೆಯದಕ್ಕೆ 2, ಎಲ್ಲ ಸೇರುವ ಕೊನೆಗೆ 3. ಮೂರೂ ಎಳೆಗೆ ಸಮಪಾಲು ಕೊಟ್ಟರೆ ಯಾವುದೂ ಮೇಲೇಳುವುದಿಲ್ಲ. ಸಂಭಾಷಣೆ ಎ4 ಹಾಳೆಯಲ್ಲಿ ಪುಟಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ನಗುವಿಗೂ ಜಾಗ ಬೇಕು, ಹಾಗಾಗಿ 17 ಪುಟಕ್ಕೆ ಪೆನ್ನು ಕೆಳಗಿಡಿ.

ಸಂದರ್ಶನಕ್ಕೆ ವೇದಿಕೆಯ ಮುಂದೆ, ಒಂದು ಪಕ್ಕಕ್ಕೆ, ಒಂದು ಕುರ್ಚಿ ಸಾಕು. ಪಾತ್ರ ಅಲ್ಲಿ ಬಂದು ಕೂತಾಗ ಹಿಂದಿನವರು ಇದ್ದ ಭಂಗಿಯಲ್ಲೇ ನಿಲ್ಲಲಿ. ದೀಪ ಆರಿಸಿ ಹೊತ್ತಿಸುವ ಉಸಾಬರಿ ಬೇಡ, ಪ್ರತಿ ಸಲ ನಾಲ್ಕೈದು ಸೆಕೆಂಡ್ ಕತ್ತಲಾದರೆ ಜನ ಮೊಬೈಲ್ ತೆಗೆಯುತ್ತಾರೆ. ಒಂದೊಂದು ಸಂದರ್ಶನ ಎರಡು-ಮೂರು ವಾಕ್ಯ, 15 ಸೆಕೆಂಡ್, ಇಡೀ ನಾಟಕಕ್ಕೆ ಎಂಟೊಂಬತ್ತು. ಮೊದಲು ಜಂಬ, ಆಮೇಲೆ ಪುರಾವೆ, ಈ ಕ್ರಮ ತಪ್ಪಬಾರದು. ಅಳಿಯ ಕುರ್ಚಿಯಲ್ಲಿ ಕೂತು: "ಮಾವನೋರಿಗೂ ನಂಗೂ ಭಾಳ ಸಲಿಗೆ ಕಣ್ರೀ, ಫ್ರೆಂಡ್ಸ್ ಇದ್ದಂಗೆ." ಎದ್ದು ಒಳಗೆ ಹೋದ ಕೂಡಲೇ ಮಾವ: "ನೀನೊಬ್ಬ ಇದೀಯಲ್ಲ, ಆ ಸಿಲಿಂಡರ್ ಒಳಗಿಡು." ಇದನ್ನೇ ತಿರುವುಮುರುವು ಮಾಡಿ, ನಗು ಸತ್ತೇ ಹೋಗುತ್ತದೆ.

ಕೆಡುವ ಜಾಗ ಇನ್ನೂ ಇವೆ. ಟೀವಿಯಲ್ಲಿ ಕಣ್ಣಂಚಿನ ನೋಟ ಸಾಕು, ಸಾಣೇಹಳ್ಳಿಯ ಬಯಲು ರಂಗಮಂದಿರದಂಥ ಕಡೆ ಹಿಂದಿನ ಸಾಲಿಗೆ ಅದು ಮುಟ್ಟುವುದಿಲ್ಲ. ತಲೆಯನ್ನೇ ಪೂರ್ತಿ ತಿರುಗಿಸಿ, ಎರಡು ಎಣಿಸುವಷ್ಟು ಹೊತ್ತು ನಿಂತು, ವಾಪಸ್ ತಿರುಗಬೇಕು. ನಗು ಪೂರ್ತಿ ಅಡಗುವವರೆಗೆ ಕಾಯಬೇಡಿ, ಅರ್ಧಕ್ಕಿಳಿದಾಗಲೇ ಮುಂದಿನ ಮಾತು ಎತ್ತಿಕೊಳ್ಳಿ. ತೊದಲು, ದಪ್ಪ, ಬಣ್ಣ ಇವುಗಳ ಮೇಲಿನ ಜೋಕಿಗೆ ಒಂದು ಸಲ ನಗು ಬರುತ್ತದೆ, ಆದರೆ ಆಮೇಲೆ ಆ ಪಾತ್ರದ ಮೇಲೆ ಯಾರಿಗೂ ಅಕ್ಕರೆ ಹುಟ್ಟುವುದಿಲ್ಲ, ಕೊನೆಯ ಮೂರು ನಿಮಿಷ ನಿಂತಿರುವುದೇ ಆ ಅಕ್ಕರೆಯ ಮೇಲೆ. ಭಾಷೆ ನಿಮ್ಮೂರಿನದೇ ಇರಲಿ. ಕನ್ನಡ ಧಾರಾವಾಹಿಗಳ ಬೆಂಗಳೂರು ಮಾತು ಹೊಸದುರ್ಗದ ವೇದಿಕೆ ಮೇಲೆ ಬಾಡಿಗೆ ಬಟ್ಟೆಯಂತೆ ಕಾಣುತ್ತದೆ.

ದೋಸೆಯನ್ನು ನಿಜವಾಗಿಯೇ ತರಿಸುವುದಾದರೆ ನಾಲ್ಕೈದು ಸಾಕು, ಉಳಿದದ್ದು ಖಾಲಿ ಪೊಟ್ಟಣ. ಕಟ್ಟಿಟ್ಟ ಬೆಣ್ಣೆ ದೋಸೆ ಅರ್ಧ ಗಂಟೆಯಲ್ಲಿ ಬೆವೆತು ಮೆತ್ತಗಾಗುತ್ತದೆ, ವೇದಿಕೆ ಮೇಲೆ ಎತ್ತಿ ತೋರಿಸಿದರೆ ಜೋತುಬೀಳುತ್ತದೆ. ಅದನ್ನೂ ಜೋಕಾಗಿ ಬಳಸಿಕೊಳ್ಳಬಹುದು ಅನ್ನಿ.

ಇಂಥದ್ದನ್ನೇ ಮೊಬೈಲಿನಲ್ಲಿ ಶೂಟ್ ಮಾಡಿ ಯೂಟ್ಯೂಬಿಗೆ ಹಾಕಬೇಕು. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತೆ, ಮಾತು ಸರಿಯಾಗಿ ಕೇಳಲ್ಲ. (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ಎರಡಕ್ಕೂ ತಾಳ ಕೂಡದೆ ಚಿತ್ರ ಮಿಣುಕುತ್ತದೆ, ಪಟ್ಟೆ ಓಡುತ್ತವೆ. ಕ್ಯಾಮೆರಾದ ಪ್ರೊ ಮೋಡಿಗೆ (ಸೆಟ್ಟಿಂಗ್ ನಾವೇ ಬದಲಿಸುವ ಕಡೆ) ಹೋಗಿ 25 ಫ್ರೇಮ್, ಶಟರ್ 1/50 ಸೆಕೆಂಡ್ ಮಾಡಿ, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ.

ಸಾಕ್ಷ್ಯಚಿತ್ರದ ಶೈಲಿ ಎಂದು ಬೆರಳಲ್ಲಿ ಝೂಮ್ ಎಳೆಯಬೇಡಿ, ಚಿತ್ರ ಕದಡುತ್ತದೆ. 4ಕೆಯಲ್ಲಿ (ಹೆಚ್ಚು ಸ್ಪಷ್ಟತೆಯ ದೊಡ್ಡ ಅಳತೆ) ತೆಗೆದು, ಎಡಿಟಿಂಗಿನಲ್ಲಿ 1080ಕ್ಕೆ (ಮಾಮೂಲಿ ಎಚ್‌ಡಿ ಅಳತೆ) ಕತ್ತರಿಸಿದರೆ ಎರಡು ಪಟ್ಟು ಹತ್ತಿರ ಬಂದರೂ ಸ್ಪಷ್ಟತೆ ಹೋಗುವುದಿಲ್ಲ. 4ಕೆ ನಿಮಿಷಕ್ಕೆ ಸುಮಾರು 170ರಿಂದ 350 ಎಂಬಿ ತಿನ್ನುತ್ತದೆ, 80 ನಿಮಿಷ ಶೂಟ್ ಮಾಡುವುದಿದ್ದರೆ 30 ಜಿಬಿ ಖಾಲಿ ಇಟ್ಟುಕೊಳ್ಳಿ. ಕ್ಯಾಮೆರಾ ಹಿಡಿದವರು ಮಾತಾಡುವವರ ಕಡೆ ಅರ್ಧ ಸೆಕೆಂಡ್ ತಡವಾಗಿ ತಿರುಗಲಿ. ಮೊದಲೇ ತಿರುಗಿ ಕಾದು ನಿಂತರೆ ಮಾತು ಬಾಯಿಪಾಠ ಎಂದು ನೋಡುಗರಿಗೆ ಗೊತ್ತಾಗಿಬಿಡುತ್ತದೆ.

ಸದ್ದಿಗೆ ಕಾಲರ್ ಮೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ ಅಂಗಿಯ ಜೇಬಿನಲ್ಲಿಡಿ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗಿನಲ್ಲಿ ಚಿತ್ರ, ಸದ್ದು ಎರಡನ್ನೂ ಆ ಚಪ್ಪಾಳೆಗೇ ಕೂಡಿಸಬಹುದು. ಫ್ಯಾನ್, ಫ್ರಿಜ್ ಆಫ್ ಮಾಡಿ. ದಾವಣಗೆರೆಯ ಏಪ್ರಿಲ್‌ನಲ್ಲಿ ಇದು ಶಿಕ್ಷೆಯೇ, ಆದ್ದರಿಂದ ಬೆಳಗಿನ ಹೊತ್ತೇ ಮುಗಿಸಿ.

ಕೊನೆ ಸೀಸನ್‌ಗಳು ಸಪ್ಪೆ ಅಂತಾರೆ, ನಿಜಾನಾ? (ಜಗಳೂರು)

ತಕ್ಕ ಮಟ್ಟಿಗೆ ನಿಜ. 2010ರಿಂದ 2014ರವರೆಗೆ ಸತತ ಐದು ವರ್ಷ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಇದಕ್ಕೇ ಬಂತು, ಆಮೇಲೆ ಆ ಪ್ರಶಸ್ತಿ ಬರಲಿಲ್ಲ. ಮಕ್ಕಳು ಬೆಳೆದರು. ಬೆಳೆದವರು ಮನೆ ಬಿಟ್ಟರೆ ತಿಕ್ಕಾಟವಿಲ್ಲ, ತಿಕ್ಕಾಟವಿಲ್ಲದೆ ಹಾಸ್ಯವಿಲ್ಲ. ಹಾಗಾಗಿ ಬರಹಗಾರರು ಅವರನ್ನು ಏನಾದರೊಂದು ನೆಪ ಹುಡುಕಿ ಮತ್ತೆ ಮತ್ತೆ ಮನೆಗೆ ಕರೆತರಬೇಕಾಯಿತು. ಆ ಎಳೆದಾಟ ಕಾಣುತ್ತದೆ. ಸಮಯ ಕಡಿಮೆ ಇದ್ದರೆ ಐದನೇ ಸೀಸನ್ನಿನ ಮದುವೆವರೆಗೆ ನೋಡಿ. ಅದರಾಚೆಗೆ ಆರನೇ ಸೀಸನ್ನಿನ 'ಕನೆಕ್ಷನ್ ಲಾಸ್ಟ್' ಒಂದನ್ನು ಬಿಡಬೇಡಿ. ಇಡೀ ಕಂತು ಕ್ಲೇರ್‌ಳ ಲ್ಯಾಪ್‌ಟಾಪ್ ಪರದೆಯ ಮೇಲೇ ನಡೆಯುತ್ತದೆ, ಹೆಚ್ಚಿನದನ್ನು ಐಫೋನ್, ಐಪ್ಯಾಡ್‌ನಲ್ಲೇ ತೆಗೆದಿದ್ದಾರೆ. ಮೇಲಿನ ಪ್ರಶ್ನೆ ಕೇಳಿದ ವಿದ್ಯಾರ್ಥಿಯೂ ಅದನ್ನು ಎರಡು ಸಲ ನೋಡಲಿ, ಎರಡನೇ ಸಲ ಸದ್ದು ಆಫ್ ಮಾಡಿ.