ಹಿಸ್ಟರಿ ಜೊತೆ ಸಿನಿಮಾ ಪೇಪರ್ ತಗೊಂಡ್ರೆ ಏನು ಸಿಗುತ್ತೆ?

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದೇನೆ. ಹಿಸ್ಟರಿ ಮತ್ತು ಕನ್ನಡ ಮುಖ್ಯ ವಿಷಯಗಳು. ಮುಂದಿನ ಸೆಮಿಸ್ಟರ್‌ನಲ್ಲಿ ಸಿನಿಮಾ ಅಧ್ಯಯನವನ್ನು ಐಚ್ಛಿಕ ಪೇಪರ್ ಆಗಿ ತೆಗೆದುಕೊಳ್ಳಬಹುದು. ಅಪ್ಪ ಮಾತ್ರ ‘ಸಿನಿಮಾ ನೋಡೋಕೆ ಕಾಲೇಜಿಗೆ ಯಾಕೆ ಹೋಗ್ಬೇಕು, ಕಂಪ್ಯೂಟರ್ ತಗೋ’ ಅನ್ನುತ್ತಾರೆ. ನನಗೆ ಡೈರೆಕ್ಟರ್ ಆಗುವ ಆಸೆ ಇದೆ. ಈ ಪೇಪರ್ ಓದಿದರೆ ಮುಂದೆ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಲು ಅನುಕೂಲ ಆಗುತ್ತದಾ ಸರ್?

ಉತ್ತರ: ಸೀಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಪುಣೆಯ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐ ಇರಲಿ, ಕೋಲ್ಕತ್ತದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ ಇರಲಿ, ನಿರ್ದೇಶನದ ಕೋರ್ಸಿಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಪ್ರವೇಶ ಪರೀಕ್ಷೆ, ಸಂದರ್ಶನ ದಾಟಬೇಕು, ಅಷ್ಟೇ. ಸಿನಿಮಾ ಪೇಪರ್ ಓದಿದ್ದೀರಿ ಅಂತ ಯಾರೂ ಒಂದು ಮಾರ್ಕ್ಸ್ ಜಾಸ್ತಿ ಕೊಡುವುದಿಲ್ಲ. ಗಿರೀಶ್ ಕಾಸರವಳ್ಳಿ ಪುಣೆಗೆ ಹೋಗುವ ಮುಂಚೆ ಮಣಿಪಾಲದಲ್ಲಿ ಓದಿದ್ದು ಫಾರ್ಮಸಿ!

ಹಾಗಾದರೆ ಸುಮ್ನೆ ಯಾಕೆ ಓದಬೇಕು? ನೀವು ಹಿಸ್ಟರಿ ವಿದ್ಯಾರ್ಥಿ ಅಲ್ವಾ, ಅದಕ್ಕೇ ಓದಬೇಕು.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆಗೆ ಬಂದಿದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯನಾಯ್ಡು ಇಂದ್ರಜಿತು. ಶೂಟಿಂಗ್ ನಡೆದಿದ್ದು ದೂರದ ಕೊಲ್ಹಾಪುರದಲ್ಲಿ. ಇಷ್ಟೆಲ್ಲ ಗೊತ್ತಿದೆ, ಆದರೆ ಸಿನಿಮಾ ಮಾತ್ರ ಇಲ್ಲ. ಅದರ ಪ್ರಿಂಟ್ ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು. ಡಬ್ಬಿಯಲ್ಲಿ ಇಟ್ಟಲ್ಲೇ ಅಂಟಂಟಾಗಿ ಕೊಳೆಯುತ್ತಿತ್ತು. ಓಡಿ ಮುಗಿದ ರೀಲಿನಿಂದ ಬೆಳ್ಳಿ ತೆಗೆದು ಮಾರುವವರೂ ಇದ್ದರು. ಹಳೆಯ ಚಿತ್ರಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂದಿದ್ದು 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು.

ನೋಡಲು ಸಿಗದ ಸಿನಿಮಾದ ಚರಿತ್ರೆ ಬರೆಯುವುದು ಹೇಗೆ? ಹಳೇ ಪತ್ರಿಕೆಯ ಜಾಹೀರಾತು, ಕರಪತ್ರ, ಥಿಯೇಟರ್ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ನಟರ ನೆನಪಿನ ಬರಹ, ಇವನ್ನೆಲ್ಲ ಎದುರಿಗೆ ಹರವಿಕೊಂಡು ಯಾವುದನ್ನು ಎಷ್ಟು ನಂಬಬೇಕು ಅಂತ ತೂಗಿ ನೋಡಬೇಕು. ನಿಮ್ಮ ಹಿಸ್ಟರಿ ಮೇಷ್ಟ್ರು ಶಾಸನದ ಬಗ್ಗೆ ಹೇಳಿಕೊಡುವುದೂ ಇದನ್ನೇ ತಾನೆ?

ಕನ್ನಡಕ್ಕೂ ಹೀಗೇ ನಂಟು ಹಾಕಬಹುದು. ‘ಸಂಸ್ಕಾರ’ ಕಾದಂಬರಿ ಬಂದಿದ್ದು 1965ರಲ್ಲಿ, ಸಿನಿಮಾ 1970ರಲ್ಲಿ. ಕಥಾನಾಯಕ ಪ್ರಾಣೇಶಾಚಾರ್ಯರ ತಲೆಯೊಳಗೆ ಪುಟಗಟ್ಟಲೆ ನಡೆಯುವ ಗುದ್ದಾಟ ತೆರೆಯ ಮೇಲೆ ಏನಾಯಿತು? ಇದನ್ನು ಹಿಡಿದು ಒಂದು ಒಳ್ಳೇ ಅಸೈನ್‌ಮೆಂಟ್ ಬರೆಯಬಹುದು.

ಇನ್ನು ಡೈರೆಕ್ಟರ್ ಆಗುವ ಆಸೆ. ಈ ಪೇಪರ್ ಕ್ಯಾಮೆರಾ ಹಿಡಿಯುವುದನ್ನು ಕಲಿಸುವುದು ಕಡಿಮೆ, ನೋಡುವುದನ್ನು ಕಲಿಸುತ್ತದೆ. ನನ್ನ ಕ್ಲಾಸಿನ ಮೊದಲ ದಿನ ಪಾಠ ಇರುವುದಿಲ್ಲ. ಮೂರು ನಿಮಿಷದ ಒಂದು ದೃಶ್ಯ ಹಾಕಿ, ಸೌಂಡ್ ಪೂರ್ತಿ ತೆಗೆದುಬಿಡುತ್ತೇನೆ. ಪ್ರತಿ ‘ಕಟ್’ಗೂ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಬಂದಾಗಲೆಲ್ಲ, ಹಾಳೆಯಲ್ಲಿ ಒಂದೊಂದು ಗೀಟು ಎಳೆಯಬೇಕು. ಆಮೇಲೆ ಸೌಂಡ್ ಹಾಕಿ ಮತ್ತೆ ಎಣಿಸಬೇಕು. ಹೆಚ್ಚಿನವರಿಗೆ ಎರಡನೇ ಸಲ ಗೀಟು ಕಡಿಮೆಯಾಗುತ್ತದೆ! ಮಾತು ಕೇಳುತ್ತಾ ಕೂತರೆ ಕಟ್ ಕಣ್ಣಿಗೆ ಬೀಳುವುದೇ ಇಲ್ಲ. ಒಬ್ಬ ಹುಡುಗಿ ತನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇಷ್ಟು ದಿನ ನಾನು ಸಿನಿಮಾ ಕೇಳ್ತಿದ್ದೆ ಸರ್’ ಅಂದಳು. ಮನೆಯಲ್ಲಿ ನೀವೂ ಮಾಡಿ ನೋಡಿ, ದುಡ್ಡೇನೂ ಖರ್ಚಿಲ್ಲ.

ಸೇರುವ ಮುಂಚೆ ಒಂದು ವಿಚಾರಿಸಿಕೊಳ್ಳಿ. ಕ್ಲಾಸಿನಲ್ಲಿ ಸಿನಿಮಾ ತೋರಿಸುತ್ತಾರಾ? ತಮಾಷೆಗೆ ಕೇಳುತ್ತಿಲ್ಲ. ನಾನು ಪರೀಕ್ಷಕನಾಗಿ ಹೋಗಿದ್ದ ಒಂದು ಕಾಲೇಜಿನಲ್ಲಿ ಇಡೀ ಸೆಮಿಸ್ಟರ್ ನೋಟ್ಸ್ ಬರೆಸಿಯೇ ಮುಗಿಸಿದ್ದರು. ‘ಕ್ಲೋಸ್‌ಅಪ್ ಎಂದರೇನು?’ ಅನ್ನುವುದಕ್ಕೆ ಎಲ್ಲರದೂ ಒಂದೇ ಉತ್ತರ, ಕಾಗುಣಿತದ ತಪ್ಪೂ ಒಂದೇ. ಹಾಗಿದ್ದರೆ ಅಪ್ಪ ಹೇಳಿದಂತೆ ಕಂಪ್ಯೂಟರ್ರೇ ತಗೊಳ್ಳಿ, ಬೇಜಾರಿಲ್ಲ. ಸಿನಿಮಾವನ್ನು ಹೊರಗೇ ಕಲಿಯಬಹುದು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಬಳಗ ಹಳ್ಳಿಯ ಜನರನ್ನು ಕೂರಿಸಿ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿದ್ದು 1970ರ ದಶಕದಲ್ಲೇ. ಎಫ್‌ಟಿಐಐ ನಡೆಸುವ ಸಿನಿಮಾ ರಸಗ್ರಹಣ ಶಿಬಿರಗಳೂ ಇವೆ. ಡಿಗ್ರಿ ಆದಮೇಲೆ ಇದನ್ನೇ ಎಂ.ಎ. ಮಾಡುವ ಮನಸ್ಸಾದರೆ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಅಧ್ಯಯನಕ್ಕೇ ಒಂದು ವಿಭಾಗ ಇದೆ.

ತೋರಿಸುತ್ತಾರೆ ಅಂತಾದರೆ ಕಣ್ಣುಮುಚ್ಚಿ ಸೇರಿ. ಮೊದಲ ಪ್ರಾಜೆಕ್ಟಿಗೆ ನಿಮ್ಮ ಕಡೆಯ ಟೆಂಟ್ ಸಿನಿಮಾಗಳ ಕಥೆ ಹಿಡಿಯಿರಿ. ನೆಲಕ್ಕೆ ಟಿಕೆಟ್ ಎಷ್ಟು, ಬೆಂಚಿಗೆ ಎಷ್ಟು, ಮಳೆ ಬಂದರೆ ಏನು ಮಾಡುತ್ತಿದ್ದರು, ರೀಲು ಕಟ್ ಆದರೆ ಯಾರು ಕೂಗುತ್ತಿದ್ದರು, ಎಲ್ಲ ಬರೆದುಕೊಳ್ಳಿ. ಮೊದಲ ಸಂದರ್ಶನ ನಿಮ್ಮ ಅಪ್ಪನದೇ ಆಗಲಿ. ಎಳೆಯ ವಯಸ್ಸಲ್ಲಿ ಅವರೂ ಟೆಂಟಿಗೆ ಹೋಗಿರಬಹುದು.

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದುತ್ತಿದ್ದೇನೆ. ಸಿನಿಮಾದ ಸೌಂಡ್ ವಿಭಾಗ ಇಷ್ಟ. ನಾನೂ ಸಿನಿಮಾ ಪೇಪರ್ ತೆಗೆದುಕೊಳ್ಳಬೇಕಾ?

ಉತ್ತರ: ಸಿಕ್ಕರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ನಷ್ಟವಿಲ್ಲ. ಎಫ್‌ಟಿಐಐನ ಸೌಂಡ್ ಕೋರ್ಸಿಗೆ ಡಿಗ್ರಿಯ ಜೊತೆ ಪಿಯುಸಿಯಲ್ಲಿ ಫಿಸಿಕ್ಸ್ ಓದಿರಬೇಕು ಅಂತ ಕೇಳುತ್ತಾರೆ. ನಿಮಗೆ ಅದು ಆಗಲೇ ಇದೆ. ಆ ವರ್ಷದ ಪ್ರಕಟಣೆಯನ್ನು ಮಾತ್ರ ಒಮ್ಮೆ ಓದಿಕೊಳ್ಳಿ. ಅಲ್ಲಿಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಕಣ್ಣು ಮುಚ್ಚಿ ಕೇಳಿ. ಕಂಡಕ್ಟರ್ ಸೀಟಿ ಎಷ್ಟು ದೂರದಿಂದ ಬರುತ್ತಿದೆ ಅಂತ ಹೇಳಲು ಆಗುತ್ತಾ ನೋಡಿ.