ನದಿಯ ವಾಸನೆ ಹಿಡಿದ ಮೀನು

ಪ್ರಶ್ನೆ: ಸಾಲ್ಮನ್ ಮೀನು ಹುಟ್ಟಿದ ತೊರೆಯ ವಾಸನೆ ನೆನಪಿಟ್ಟುಕೊಂಡು ವಾಪಸು ಬರುತ್ತದೆ ಎಂದು ಓದಿದ್ದೇನೆ. ಆದರೆ ಯುರೋಪಿನ ಹಾವುಮೀನು ಹುಟ್ಟುವುದೇ ಕಡಲಲ್ಲಂತೆ. ಎಂದೂ ಕಾಣದ ನದಿಯನ್ನು ಅದರ ಮರಿ ಹುಡುಕುವುದು ಹೇಗೆ? ಅಷ್ಟಕ್ಕೂ ನೀರಿನೊಳಗೆ ಮೂಸುವುದಾದರೂ ಹೇಗೆ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಅದು ಸುಲಭ. ವಾಸನೆಗೆ ಗಾಳಿಯೇ ಬೇಕೆಂದಿಲ್ಲ. ನಾವು ಮೂಸಿದ್ದು ಕೂಡ ಮೂಗಿನ ಲೋಳೆಯಲ್ಲಿ ಕರಗಿದ ಮೇಲೆಯೇ ನರಕ್ಕೆ ತಗಲುವುದು. ಮೀನಿಗೆ ಆ ಕರಗಿಸುವ ಕೆಲಸವನ್ನು ಹೊಳೆಯೇ ಮಾಡಿಕೊಟ್ಟಿರುತ್ತದೆ. ಹೆಚ್ಚಿನ ಮೀನುಗಳ ಮೂತಿಯಲ್ಲಿ ಒಂದೊಂದು ಬದಿಗೂ ಎರಡೆರಡು ತೂತು. ಮುಂದಿನದರಿಂದ ನೀರು ಒಳಕ್ಕೆ, ಹಿಂದಿನದರಿಂದ ಹೊರಕ್ಕೆ. ಉಸಿರಾಟ ಕಿವಿರಿನ ಪಾಲು. ಮೂಸುವುದಕ್ಕೇ ಮೀಸಲಾದ ಮೂಗು, ನಮಗಿಲ್ಲದ ಭಾಗ್ಯ.

ಸಾಲ್ಮನ್ ವಿಷಯ ನೀವು ಓದಿದ್ದು ಸರಿ. 1950ರ ದಶಕದ ಆರಂಭದಲ್ಲಿ ಆರ್ಥರ್ ಹಾಸ್ಲರ್ ಮತ್ತು ವಾರೆನ್ ವಿಸ್ಬಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸಾಕ್ವಾ ತೊರೆಯಲ್ಲಿ ಇದನ್ನು ಪರೀಕ್ಷಿಸಿದರು. ತೊರೆಯ ಎರಡು ಕವಲುಗಳಿಗೆ ಮರಳಿದ್ದ ಕೋಹೋ ಎಂಬ ಜಾತಿಯ ಸಾಲ್ಮನ್‌ಗಳನ್ನು ಹಿಡಿದು, ಅರ್ಧದಷ್ಟಕ್ಕೆ ಮೂಗಿಗೆ ಹತ್ತಿ ತುರುಕಿ, ಕವಲೊಡೆಯುವ ಜಾಗಕ್ಕಿಂತ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವು ಬಹುಪಾಲು ತಮ್ಮ ಕವಲನ್ನೇ ಹಿಡಿದವು. ಹತ್ತಿ ತುಂಬಿದವು ಎತ್ತಲೋ ನುಗ್ಗಿದವು. ಮುಂದೆ 1970ರ ದಶಕದಲ್ಲಿ ಹಾಸ್ಲರ್ ತಂಡ ಮರಿಗಳನ್ನು ಮಾರ್ಫೊಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಬೆಳೆಸಿ ಮಿಶಿಗನ್ ಸರೋವರಕ್ಕೆ ಬಿಟ್ಟಿತು. ಅವು ದೊಡ್ಡವಾಗಿ ಬಂದದ್ದು ಮಾರ್ಫೊಲಿನ್ ಸುರಿದ ತೊರೆಗೆ. ಆ ಬಾಟಲಿಯನ್ನು ನಾನು ಪ್ರಯೋಗಾಲಯದಲ್ಲಿ ಮೂಸಿದ್ದೇನೆ, ಅಮೋನಿಯದಂಥ ಘಾಟು. ಅದನ್ನೇ ತವರೆಂದು ನಂಬಿದ ಮೀನನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಹಾವುಮೀನಿಗೆ ಇಂಥ ನೆನಪೇ ಇಲ್ಲ. ಅಟ್ಲಾಂಟಿಕ್ ಸಾಗರದ ಅಮೆರಿಕದ ಕಡೆಗಿರುವ ಸಾರ್ಗಾಸೊ ಸಮುದ್ರದಲ್ಲಿ ಹುಟ್ಟಿ, ಆ ಸಾಗರ ದಾಟಿ ಯುರೋಪಿನ ಕರಾವಳಿ ಮುಟ್ಟುವ ಹೊತ್ತಿಗೆ ಅದು ಬೆರಳುದ್ದದ, ಗಾಜಿನಂತೆ ಪಾರದರ್ಶಕವಾದ ಮರಿ. ಅದಕ್ಕೆ ಇಂಥದೇ ನದಿ ಬೇಕೆಂಬ ಹಟವಿಲ್ಲ, ಯಾವುದೋ ಒಂದು ನದಿಯಾದರೆ ಸಾಕು. ಹಾಗಾದರೆ ಉಪ್ಪು ಕಡಿಮೆಯಾದ ಕಡೆಗೆ ಈಜುತ್ತದೆ ಎಂದುಬಿಡಬಹುದಲ್ಲ? ಅಷ್ಟು ಸರಳವಲ್ಲ. ಡಚ್ ವಿಜ್ಞಾನಿ ಕ್ರಾಯ್ಟ್ಸ್‌ಬರ್ಗ್ 1961ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಳನಾಡಿನ ನೀರು ಮರಿಗಳನ್ನು ಸೆಳೆಯಿತು; ಅದೇ ನೀರನ್ನು ಇದ್ದಿಲಿನಲ್ಲಿ ಸೋಸಿದಾಗ ಸೆಳೆತ ಹೋಯಿತು. ಇದ್ದಿಲು ಉಪ್ಪನ್ನು ಹಿಡಿಯುವುದಿಲ್ಲ, ವಾಸನೆಯನ್ನು ಹಿಡಿಯುತ್ತದೆ. ನನಗೆ ಈ ಕ್ಷೇತ್ರದಲ್ಲೇ ಅತಿ ಇಷ್ಟವಾದ ಪ್ರಯೋಗ ಇದು.

ಆ ವಾಸನೆಯಲ್ಲಿ ಏನೇನಿದೆ? ಒಂದು ಅಂಶ ಜಿಯೋಸ್ಮಿನ್ ಎಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತು ಅದು. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ. ಅಂದರೆ ಮರಿ ಹುಡುಕುವುದು ನೀರನ್ನಲ್ಲ, ನೀರಿಗಿಳಿದ ನೆಲವನ್ನು.

ಇನ್ನು ಅಳಿವೆಯಲ್ಲಿ ಎದುರು ಈಜಲು ಈ ಪುಟ್ಟ ಮೈಗೆ ಶಕ್ತಿ ಸಾಲದು. ಇಳಿತದಲ್ಲಿ ನದಿಯ ವಾಸನೆ ಹೊತ್ತ ನೀರು ಹೊರಗೆ ಹರಿಯುವಾಗ ತಳಕ್ಕೆ ಕಚ್ಚಿಕೊಂಡು ಕೂರುತ್ತದೆ. ಉಬ್ಬರ ತಿರುಗಿದೊಡನೆ ಮೇಲೆದ್ದು ಪುಕ್ಕಟೆ ಸವಾರಿ.

ಲ್ಯಾಂಪ್ರೇ ಎಂಬ ದವಡೆಯಿಲ್ಲದ ಮೀನಿನದು ಮೂರನೆಯ ದಾರಿ. ತೊರೆಯ ಕೆಸರಿನಲ್ಲಿ ವರ್ಷಗಟ್ಟಲೆ ಹುದುಗಿರುವ ಮರಿಗಳು ಹೊರಬಿಡುವ ಪಿತ್ತದ ಆಮ್ಲಗಳನ್ನು ಮೂಸಿ ದೊಡ್ಡವು ಮೇಲೇರುತ್ತವೆ. ಮರಿಗಳು ಬದುಕಿವೆ ಎಂದರೆ ಜಾಗ ಒಳ್ಳೆಯದೆಂದೇ ಲೆಕ್ಕ; ಸ್ವಂತ ಮರಿಗಳೇ ಆಗಬೇಕಿಲ್ಲ.

ಪ್ರಶ್ನೆ: ಕೊಳೆನೀರಿನಿಂದ ಮೀನಿನ ಮೂಗು ಕೆಡುವುದಿಲ್ಲವೆ?

ಉತ್ತರ: ಕೆಡುತ್ತದೆ. ಅದಕ್ಕೆ ನೀರು ನಮ್ಮ ಕಣ್ಣಿಗೆ ಕೊಳೆಯಾಗಿ ಕಾಣಬೇಕೆಂದೂ ಇಲ್ಲ. ಕರಗಿದ ತಾಮ್ರ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಹೆಚ್ಚಾದರೂ ಕೋಹೋ ಮರಿಯ ಮೂಗು ಮಂದವಾಗುತ್ತದೆ. ವಾಹನದ ಬ್ರೇಕ್ ಪ್ಯಾಡ್ ಸವೆದ ತಾಮ್ರದ ಪುಡಿ ಮಳೆನೀರಿನೊಂದಿಗೆ ತೊರೆ ಸೇರುತ್ತದೆ. ಬ್ರೇಕ್ ಪ್ಯಾಡ್‌ಗಳಲ್ಲಿ ತಾಮ್ರ ಕಡಿಮೆ ಮಾಡಲು ವಾಷಿಂಗ್ಟನ್ ರಾಜ್ಯ 2010ರಲ್ಲಿ ಕಾನೂನು ತಂದಾಗ ಸಾಲ್ಮನ್‌ನ ಮೂಗೂ ಒಂದು ಕಾರಣವಾಗಿತ್ತು.