ಕ್ರೀಡಾಭಿಮಾನಿಗಳ ಡೇಟಿಂಗ್ ಆ್ಯಪ್: ಯಾವ ತಂಡ ಎಂದಲ್ಲ, ಹೇಗೆ ನೋಡುತ್ತೀರಿ ಎಂದು ಕೇಳಿ

ಬೆಂಗಳೂರಿನಲ್ಲಿ ಗೆಳೆಯರಿಬ್ಬರು ಸೇರಿ ಕ್ರೀಡಾಭಿಮಾನಿಗಳಿಗೆಂದೇ ಡೇಟಿಂಗ್ ಆ್ಯಪ್ ಕಟ್ಟುತ್ತಿದ್ದೇವೆ ಎಂದು ಬರೆದಿದ್ದೀರಿ. ಮೆಚ್ಚಿನ ತಂಡದ ಆಧಾರದ ಮೇಲೆ ಜೋಡಿಗಳನ್ನು ತೋರಿಸುವುದು, ನಿಜವಾದ ಅಭಿಮಾನಿಗಳು ಮಾತ್ರ ಒಳಗೆ ಬರುವಂತೆ ಆರಂಭದಲ್ಲೇ ಒಂದು ರಸಪ್ರಶ್ನೆ ಇಡುವುದು ಸರಿಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಮೊಬೈಲ್ ಆ್ಯಪ್‌ಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡವಳು. ಚಿಕ್ಕಂದಿನಿಂದ ಕ್ರಿಕೆಟ್ ನೋಡುತ್ತ ಬೆಳೆದವಳು. ನನ್ನನ್ನು ಕೇಳಿದರೆ ಎರಡನ್ನೂ ಕೈಬಿಡಿ.

ಮೊದಲು ರಸಪ್ರಶ್ನೆಯ ಮಾತು. ಕ್ರಿಕೆಟ್ ಇಷ್ಟ ಎಂದು ಹೆಣ್ಣುಮಗಳೊಬ್ಬಳು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಪರೀಕ್ಷೆ ಶುರುಮಾಡುತ್ತಾರೆ. "ಹೌದಾ? ಹಾಗಾದರೆ ಸಿಲ್ಲಿ ಪಾಯಿಂಟ್ ಎಲ್ಲಿರುತ್ತದೆ ಹೇಳಿ ನೋಡೋಣ." ಫುಟ್‌ಬಾಲ್ ಎಂದರೆ ಆಫ್‌ಸೈಡ್ ನಿಯಮವನ್ನು ವಿವರಿಸಬೇಕು. ಕಚೇರಿಯಲ್ಲಿ, ಮದುವೆಮನೆಯಲ್ಲಿ, ನೆಂಟರ ನಡುವೆ ಇಂಥ ಪ್ರಶ್ನೆಗಳಿಗೆ ಉತ್ತರಿಸಿ ಉತ್ತರಿಸಿ ನಾವು ಬೇಸತ್ತಿದ್ದೇವೆ. ಗಂಡಸೊಬ್ಬ ತಾನು ಅಭಿಮಾನಿ ಎಂದರೆ ಯಾರೂ ಪುರಾವೆ ಕೇಳುವುದಿಲ್ಲ. ಡೇಟಿಂಗ್ ಆ್ಯಪ್‌ಗಳಿಗೆ ಹೆಂಗಸರು ಬರುವುದೇ ಕಡಿಮೆ. ಅಂಥದ್ದರಲ್ಲಿ ಹೊಸ್ತಿಲಲ್ಲೇ ಅದೇ ಪರೀಕ್ಷೆಯನ್ನು ನೀವೂ ಇಟ್ಟರೆ ಬಂದವರೂ ತಿರುಗಿ ಹೋಗುತ್ತಾರೆ. ಅಷ್ಟಕ್ಕೂ ಅಂಕಿಅಂಶ ಬಾಯಿಪಾಠ ಮಾಡಿದವರು ಒಳ್ಳೆಯ ಸಂಗಾತಿ ಆಗುತ್ತಾರೆ ಎಂದು ಯಾರು ಹೇಳಿದರು?

ರಸಪ್ರಶ್ನೆಯ ಜಾಗದಲ್ಲಿ ಒಂದೇ ಒಂದು ಪ್ರಶ್ನೆ ಇಡಿ: "ನೀವು ಮರೆಯಲಾಗದ ಒಂದು ಪಂದ್ಯ ಯಾವುದು, ಅದರಲ್ಲಿ ಏನು ನೆನಪಿದೆ?" ಇದಕ್ಕೆ ತಪ್ಪು ಉತ್ತರ ಎಂಬುದೇ ಇಲ್ಲ, ಆದರೆ ಪ್ರತಿ ಉತ್ತರವೂ ಆ ಮನುಷ್ಯನ ಬಗ್ಗೆ ಏನಾದರೂ ಹೇಳುತ್ತದೆ. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಪಡೆದದ್ದನ್ನು ಲಕ್ಷಾಂತರ ಜನ ನೆನಪಿಟ್ಟುಕೊಂಡಿದ್ದಾರೆ. ಒಬ್ಬರು 74ಕ್ಕೆ 10, ಅಂದರೆ 74 ರನ್ ಕೊಟ್ಟು 10 ವಿಕೆಟ್ ಎಂಬ ಲೆಕ್ಕವನ್ನು ಬರೆಯಬಹುದು. ಇನ್ನೊಬ್ಬರು, ಕುಂಬ್ಳೆಗೆ ಒಂಬತ್ತು ಸಿಕ್ಕ ಮೇಲೆ ಆ ಕೊನೆಯ ವಿಕೆಟ್ ತನ್ನ ಪಾಲಾಗಬಾರದೆಂದು ಜಾವಗಲ್ ಶ್ರೀನಾಥ್ ಬೇಕೆಂದೇ ಆಫ್ ಸ್ಟಂಪ್‌ನ ಹೊರಗೆ ದೂರದೂರ ಚೆಂಡು ಹಾಕಿದ್ದನ್ನು ಬರೆಯಬಹುದು. ಎರಡನೆಯದನ್ನು ಬರೆದವರನ್ನು ಭೇಟಿಯಾಗಬೇಕು ಎಂದು ನನಗೆ ಅನ್ನಿಸುತ್ತದೆ. ಬೇರೆಯವರಿಗೆ ಮೊದಲನೆಯವರು ಇಷ್ಟವಾಗಬಹುದು. ಆಯ್ಕೆಗೆ ಇಂಥ ಸುಳಿವುಗಳೇ ಬೇಕು.

ಇನ್ನು ತಂಡದ ವಿಷಯ. ಬೆಂಗಳೂರಿನಲ್ಲಿ ಆರ್‌ಸಿಬಿ ಎಂದು ಗುರುತು ಹಾಕಿದವರನ್ನೆಲ್ಲ ಒಟ್ಟುಗೂಡಿಸಿದರೆ ನಿಮ್ಮ ಆ್ಯಪ್‌ನ ಹೆಚ್ಚಿನ ಜನ ಒಂದೇ ಗುಂಪಿನಲ್ಲಿರುತ್ತಾರೆ. ಎಲ್ಲರೂ ಕೊಡುವ ಉತ್ತರದಿಂದ ಯಾರನ್ನೂ ಬೇರ್ಪಡಿಸಿ ನೋಡಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ನಡೆದ ಆರ್‌ಸಿಬಿ–ಸಿಎಸ್‌ಕೆ ಪಂದ್ಯವನ್ನು ನೆನಪಿಸಿಕೊಳ್ಳಿ. ಕೊನೆಯ ಓವರ್‌ನಲ್ಲಿ ಚೆನ್ನೈಗೆ ಗೆಲ್ಲಲು 35 ರನ್ ಬೇಕಿತ್ತು, ಆದರೆ ರನ್‌ರೇಟ್ ಲೆಕ್ಕದಲ್ಲಿ ಪ್ಲೇಆಫ್‌ಗೆ, ಅಂದರೆ ಲೀಗ್ ನಂತರದ ಅಂತಿಮ ಸುತ್ತಿಗೆ ಹೋಗಲು 17 ಸಾಕಾಗಿತ್ತು. ಯಶ್ ದಯಾಳ್ ಅವರ ಮೊದಲ ಎಸೆತವನ್ನು ಧೋನಿ ಸಿಕ್ಸರ್‌ಗೆ ಎತ್ತಿದರು, ಮರು ಎಸೆತದಲ್ಲೇ ಕ್ಯಾಚ್ ಕೊಟ್ಟು ಔಟಾದರು. ಪ್ಲೇಆಫ್‌ಗೆ ಹೋದದ್ದು ಆರ್‌ಸಿಬಿ. ಅಂಥ ಓವರನ್ನು ಒಂದೇ ಮೇಜಿನಲ್ಲಿ ಕುಳಿತು ನೋಡಿದ ಕೆಂಪು ಅಂಗಿ ಮತ್ತು ಹಳದಿ ಅಂಗಿಯವರಿಗೆ ಮಾತಿಗೆ ಬರವಿರುವುದಿಲ್ಲ. ಆದರೆ ಗೆದ್ದವನು ಆಗ ಸೋತವಳ ಜೊತೆ ಹೇಗೆ ನಡೆದುಕೊಂಡ? ಕೆಣಕಿದನೇ, ಕುಣಿದನೇ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಮಾತನಾಡಿಸಿದನೇ? ಇಬ್ಬರೂ ಮುಂದೆ ಮತ್ತೆ ಭೇಟಿಯಾಗುತ್ತಾರೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ತಂಡ ಬೇರೆಯಾದರೂ ಸಂಬಂಧ ಉಳಿಯುತ್ತದೆ. ಪಂದ್ಯ ನೋಡುವ ಸ್ವಭಾವ ಹೊಂದದಿದ್ದರೆ ಒಂದೇ ತಂಡದವರೂ ಎರಡನೇ ಪಂದ್ಯಕ್ಕೆ ಜೊತೆಯಾಗುವುದಿಲ್ಲ.

ಹಾಗಾಗಿ ಪ್ರೊಫೈಲ್‌ನಲ್ಲಿ ಕೇಳಬೇಕಾದದ್ದು ಈ ಸ್ವಭಾವವನ್ನು. ತಂಡ ಸೋತ ರಾತ್ರಿ ಯಾರಾದರೂ ಮಾತನಾಡಿಸಬೇಕೇ, ಬೆಳಗಿನವರೆಗೆ ಬಿಟ್ಟುಬಿಡಬೇಕೇ? ಪಂದ್ಯದ ನಡುವೆ ಬೇರೆ ವಿಷಯ ಮಾತನಾಡಿದರೆ ಸಹಿಸುತ್ತೀರಾ? ಕೊನೆಯ ಓವರ್‌ನಲ್ಲಿ ಟಿವಿ ಮುಂದೆ ಕೂರುತ್ತೀರಾ, ಎದ್ದು ಅಡುಗೆಮನೆಗೆ ಹೋಗುತ್ತೀರಾ? ವಿಕೆಟ್ ಬೀಳದಿರಲಿ ಎಂದು ಕುಳಿತ ಜಾಗ ಬಿಟ್ಟು ಕದಲದವರು ನೀವೇ? ಐದು ದಿನದ ಟೆಸ್ಟ್ ನೋಡುವಷ್ಟು ವ್ಯವಧಾನ ಇದೆಯೇ? ಮಹಿಳೆಯರ ಪಂದ್ಯಗಳನ್ನು ನೋಡುತ್ತೀರಾ? ಈ ಕೊನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ಆರ್‌ಸಿಬಿಗೆ ಮೊದಲ ಕಪ್ ತಂದವರು 2024ರ ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಗೆದ್ದ ಮಹಿಳೆಯರು. ಪುರುಷರ ತಂಡ ಗೆದ್ದದ್ದು ಅದರ ಮರುವರ್ಷ, 2025ರ ಜೂನ್ 3ರಂದು. ಆ ಮೊದಲ ಕಪ್ ಅನ್ನು ಲೆಕ್ಕಕ್ಕೆ ಇಟ್ಟುಕೊಂಡವರು ಯಾರು ಎಂಬುದನ್ನು ನಿಮ್ಮ ಆ್ಯಪ್ ಬಳಸುವ ಹೆಂಗಸರು ಖಂಡಿತ ನೋಡುತ್ತಾರೆ.

ಪಂದ್ಯ ನಡೆಯುವಾಗಿನ ಸಂಭಾಷಣೆ ನಿಮ್ಮ ಆ್ಯಪ್‌ನ ನಿಜವಾದ ಬಲ ಆಗಬಹುದು, ಸರಿಯಾಗಿ ಮಾಡಿದರೆ. ಇಲ್ಲಿ ಒಂದು ತೊಡಕಿದೆ. ಮೊಬೈಲ್‌ನಲ್ಲಿ ಬರುವ ನೇರಪ್ರಸಾರ ಸಾಮಾನ್ಯವಾಗಿ ಟಿವಿಗಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ಆಕೆ ಡಿಶ್ ಟಿವಿಯಲ್ಲಿ ನೋಡುತ್ತ "ಅಯ್ಯೋ!" ಎಂದು ಕಳಿಸಿದ ಸಂದೇಶ ಬರುವ ಹೊತ್ತಿಗೆ ಇವನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ವಿಕೆಟ್ ಹೋಯಿತು ಎಂದು ಗೊತ್ತಾಗಿಬಿಟ್ಟರೆ ಆಮೇಲೆ ನೋಡುವುದೇನಿದೆ? ಇದಕ್ಕೆ ಪರಿಹಾರ ಕಷ್ಟವಲ್ಲ. ಸಂಭಾಷಣೆ ತೆರೆಯುವ ಮೊದಲು ಇಬ್ಬರಿಗೂ ಒಂದು ಗುಂಡಿ ಕೊಡಿ, ಮುಂದಿನ ಓವರ್‌ನ ಮೊದಲ ಎಸೆತ ತಮ್ಮ ಪರದೆಯ ಮೇಲೆ ಕಂಡಾಗ ಒತ್ತಲಿ. ಇಬ್ಬರ ನಡುವೆ ಎಷ್ಟು ಸೆಕೆಂಡುಗಳ ಅಂತರ ಎಂದು ತಿಳಿಯುತ್ತದೆ. ಮುಂದಿರುವವರ ಸಂದೇಶವನ್ನು ಅಷ್ಟು ಹೊತ್ತು ತಡೆದು ಕಳಿಸಿ. ಹೊಸ ಜೋಡಿಗಳ ನೋಟಿಫಿಕೇಶನ್‌ಗಳನ್ನು ಓವರ್ ನಡುವೆ ಕಳಿಸಲೇಬೇಡಿ. ಐಪಿಎಲ್‌ನಲ್ಲಿ ಪ್ರತಿ ಇನಿಂಗ್ಸ್‌ಗೆ ಎರಡೂವರೆ ನಿಮಿಷದ ಎರಡು ಸ್ಟ್ರಾಟೆಜಿಕ್ ಟೈಮ್‌ಔಟ್‌ಗಳಿವೆ, ಇನಿಂಗ್ಸ್ ನಡುವೆ ವಿರಾಮವಿದೆ. ಫುಟ್‌ಬಾಲ್‌ನಲ್ಲಿ ಅರ್ಧಾವಧಿಗೆ 15 ನಿಮಿಷ. ಅಭಿಮಾನಿಗಳು ಮೊಬೈಲ್ ಕೈಗೆತ್ತಿಕೊಳ್ಳುವುದು ಹೇಗೂ ಆಗಲೇ.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. "ನಿಮ್ಮಿಂದ ಇಷ್ಟು ದೂರದಲ್ಲಿದ್ದಾರೆ" ಎಂದು ನಿಖರವಾಗಿ ತೋರಿಸಬೇಡಿ. ಟಿಂಡರ್‌ನಲ್ಲಿ ಇಂಥ ಲೋಪವಿದ್ದುದನ್ನು ಭದ್ರತಾ ತಜ್ಞರು 2014ರಲ್ಲಿ ಬಹಿರಂಗಪಡಿಸಿದ್ದರು: ಮೂರು ಬೇರೆ ಬೇರೆ ಜಾಗಗಳಿಂದ ದೂರ ಅಳೆದರೆ ಆ ವ್ಯಕ್ತಿ ಎಲ್ಲಿದ್ದಾರೆ ಎಂದು ಪತ್ತೆಹಚ್ಚಬಹುದಿತ್ತು. ಕ್ರೀಡಾಂಗಣದಲ್ಲಿ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಜನ ಖುಷಿಯಲ್ಲಿ ಟಿಕೆಟ್‌ನ ಫೋಟೋ ಹಾಕುತ್ತಾರೆ. ಅದರಲ್ಲಿ ಸ್ಟ್ಯಾಂಡ್, ಸಾಲು, ಆಸನ ಸಂಖ್ಯೆ, ಕ್ಯೂಆರ್ ಕೋಡ್ ಎಲ್ಲವೂ ಇರುತ್ತದೆ. ಕೋಡ್ ಕದ್ದು ಬೇರೆಯವರು ಒಳಗೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದು, ಬೇಡವೆಂದು ತಿರಸ್ಕರಿಸಿದ ವ್ಯಕ್ತಿಯೇ ಪಕ್ಕದ ಸಾಲಿಗೆ ಬಂದು ನಿಲ್ಲಬಹುದು. ಟಿಕೆಟ್ ಫೋಟೋ ಹಾಕಿದ ಕೂಡಲೇ ಅದನ್ನು ಗುರುತಿಸಿ ಮಸುಕು ಮಾಡುವ ವ್ಯವಸ್ಥೆ ಮೊದಲ ಆವೃತ್ತಿಯಲ್ಲೇ ಇರಲಿ. ಟಿಕೆಟ್ ಮಾರುವವರನ್ನೂ ಆಗಲೇ ತಡೆಯಿರಿ, ಇಲ್ಲದಿದ್ದರೆ ಪ್ಲೇಆಫ್ ಹೊತ್ತಿಗೆ ಇಡೀ ಆ್ಯಪ್ ಕಾಳಸಂತೆ ಆಗುತ್ತದೆ.

"ಗೇಟ್ ಬಳಿ ಎಲ್ಲರೂ ಸೇರೋಣ" ಎಂಬಂಥ ಸೌಲಭ್ಯವನ್ನು ಎಂದೂ ಕಟ್ಟಬೇಡಿ. 2025ರ ಜೂನ್ 4ರಂದು ಆರ್‌ಸಿಬಿಯ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ ಪ್ರಾಣ ಕಳೆದುಕೊಂಡರು. ಈ ಊರಿನಲ್ಲಿ ಅಭಿಮಾನಿಗಳಿಗಾಗಿ ಏನನ್ನೇ ಕಟ್ಟುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಬೇಕು. ಮೊದಲ ಭೇಟಿಗೆ ದೊಡ್ಡ ಪರದೆಯಿರುವ ಹೋಟೆಲೋ ಕೆಫೆಯೋ ಸಾಕು. ಐಪಿಎಲ್ ಪಂದ್ಯ ನಡೆಯದ ಊರುಗಳಲ್ಲಿ ಬಿಸಿಸಿಐ 2015ರಿಂದ ಫ್ಯಾನ್ ಪಾರ್ಕ್‌ಗಳನ್ನು ನಡೆಸುತ್ತಿದೆ, ಅಲ್ಲಿಗೆ ಜನ ಕುಟುಂಬಸಮೇತ ಬರುತ್ತಾರೆ. ಇಬ್ಬರನ್ನೇ ಭೇಟಿ ಮಾಡಿಸುವುದಕ್ಕಿಂತ ಆರು ಜನರ ಮೇಜನ್ನು ಹೊಂದಿಸುವುದು ನಮ್ಮಲ್ಲಿ ಹೆಚ್ಚು ಫಲ ಕೊಡುತ್ತದೆ. ಗೆಳತಿಯನ್ನು ಜೊತೆಗೆ ಕರೆತರಬಹುದು ಎಂದರೆ ಬರುವ ಹುಡುಗಿಯರು ಬಹಳ. ಮೇಜಿನಲ್ಲಿ ಯಾರ ಮಾತು ಹಿಡಿಸಿತೋ ಅವರ ಹೆಸರನ್ನು ಮನೆಗೆ ಹೋದ ಮೇಲೆ ಗುಟ್ಟಾಗಿ ಗುರುತು ಹಾಕಲಿ; ಇಬ್ಬರೂ ಹಾಕಿದರೆ ಮಾತ್ರ ತಿಳಿಸಿ.

ಲೋಗೊಗಳ ಬಗ್ಗೆ ಒಂದೇ ಮಾತು: ತಂಡಗಳ ಲಾಂಛನ, ಆಟಗಾರರ ಚಿತ್ರಗಳನ್ನು ಪರವಾನಗಿ ಇಲ್ಲದೆ ಬಳಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಬಲ್ಲ ವಕೀಲರೊಬ್ಬರ ಸಲಹೆಯನ್ನೂ ಪಡೆಯಿರಿ.

ಐಪಿಎಲ್ ಎರಡು ತಿಂಗಳ ಆಟ. ಅದು ಮುಗಿದ ಮೇಲೆ ಆ್ಯಪ್ ಖಾಲಿ ಹೊಡೆಯುತ್ತದೆ ಎಂಬ ಭಯದಲ್ಲಿ ಕಂಡ ಕ್ರೀಡೆಯನ್ನೆಲ್ಲ ಸೇರಿಸಬೇಡಿ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗಾಗಿ ಪಂದ್ಯವಿಡೀ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ನಿಮಗೆ ಬೇಕು, ಕಬಡ್ಡಿ ಲೀಗ್ ನೋಡುವವರೂ ಬೇಕು. ಅವರು ಒಬ್ಬರಿಗೊಬ್ಬರು ಅಪರಿಚಿತರು, ಪರಿಚಯ ಮಾಡಿಸುವವರ ಅಗತ್ಯ ಅವರಿಗಿದೆ. ಕೊಡಗಿನ ಕೌಟುಂಬಿಕ ಹಾಕಿ ಉತ್ಸವದ ಮಾತು ಬೇರೆ. 1997ರಿಂದ ನಡೆದುಬಂದಿರುವ ಆ ಉತ್ಸವದಲ್ಲಿ ತಂಡ ಎಂದರೆ ಒಂದು ಮನೆತನ. ಮೈದಾನದ ಸುತ್ತ ಕುಳಿತವರು ಒಬ್ಬರ ಕುಲಗೋತ್ರ ಇನ್ನೊಬ್ಬರು ಬಲ್ಲವರು. ಅಭಿಮಾನ ಅಲ್ಲಿ ಕಡಿಮೆಯೇನಲ್ಲ, ಆದರೆ ಅಪರಿಚಿತರನ್ನು ಸೇರಿಸುವ ಆ್ಯಪ್‌ಗೆ ಅಲ್ಲಿ ಕೆಲಸವಿಲ್ಲ.

ಕೋಡ್ ಬರೆಯುವ ಮೊದಲು ಇದನ್ನು ಕಾಗದದ ಮೇಲೆ ಪರೀಕ್ಷಿಸಿ. ಒಂದು ಅರ್ಜಿ ನಮೂನೆ, ಒಂದು ಕೆಫೆ, ಸಂಜೆ ಏಳೂವರೆಯ ಒಂದು ಪಂದ್ಯ, ಆರು ಜನರ ಕೆಲವು ಮೇಜುಗಳು. ಅರ್ಧದಷ್ಟು ಮೇಜುಗಳನ್ನು ತಂಡದ ಪ್ರಕಾರ, ಉಳಿದರ್ಧವನ್ನು ಸ್ವಭಾವದ ಉತ್ತರಗಳ ಪ್ರಕಾರ ಹೊಂದಿಸಿ. ಎರಡು ದಿನ ಬಿಟ್ಟು ಬಂದವರಿಗೆಲ್ಲ ಫೋನ್ ಮಾಡಿ, ಮೊದಲು ಹೆಂಗಸರಿಗೆ. ಅದೇ ಮೇಜಿನವರ ಜೊತೆ ಇನ್ನೊಂದು ಪಂದ್ಯ ನೋಡುತ್ತೀರಾ, ಮನೆಗೆ ಹೇಗೆ ಹೋದಿರಿ, ಆಮೇಲೆ ಯಾರಾದರೂ ಬೇಡದ ಸಂದೇಶ ಕಳಿಸಿದರೇ ಎಂದು ಕೇಳಿ. ಪ್ರೊಫೈಲ್ ಪ್ರಶ್ನೆಗಳ ಕರಡು ಸಿದ್ಧವಾದರೆ ಇಲ್ಲೇ ಹಾಕಿ, ಓದಿ ನನ್ನ ಅಭಿಪ್ರಾಯ ತಿಳಿಸುತ್ತೇನೆ.